ಎಂಟು ಖಾಲಿ ತೂತುಗಳ ಗಾಲಿ

ನನ್ನ ಮದುವೆಯಲ್ಲಿ ಗಂಡಿನ ಕಡೆಯವರು ಕೇಳಿದ್ದು ಒಂದೇ ಒಂದು: ಸೈಕಲ್ಲು. ಹುಡುಗ ಲಕ್ಕಲಕಟ್ಟಿಯ ಶಾಲೆಯಲ್ಲಿ ಮಾಸ್ತರ, ಮನೆ ಗಜೇಂದ್ರಗಡದಲ್ಲಿ. ದಿನಾ ನಡೆದು ಹೋಗಿ ನಡೆದೇ ಬರುತ್ತಾನೆ, ಅದೊಂದು ಅನುಕೂಲ ಮಾಡಿಕೊಟ್ಟರೆ ಸಾಕು ಎಂದು ಹುಡುಗನ ತಾಯಿ ರೋಣಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದರು.

"ಅದೇನ್ ದೊಡ್ಡದ್ರಿ, ಹೊಸಾದ ಕೊಡ್ತೇನಿ" ಎಂದುಬಿಟ್ಟ ನಮ್ಮಪ್ಪ.

ಹೊಸದೇ ಆಗಬೇಕೆಂದು ಅವರು ಕೇಳಿರಲೇ ಇಲ್ಲ. ಅಪ್ಪನಿಗೆ ಕೇಳದೆ ಇದ್ದುದನ್ನೂ ಒಪ್ಪಿಕೊಳ್ಳುವ ಚಟವಿತ್ತು. ರೋಣದಲ್ಲಿ ಅವನದೊಂದು ಬೆಲ್ಲ, ಬೇಳೆಯ ಅಂಗಡಿ. ಗದಗಿಗೆ ಹೋಗಿ ಹೊಸ ಸೈಕಲ್ಲಿನ ದರ ಕೇಳಿ ಬಂದ ದಿನ ಅವನು ಊಟ ಮಾಡಲಿಲ್ಲ. ವಾರದ ಮೇಲೆ ವಕೀಲರ ಗುಮಾಸ್ತರೊಬ್ಬರ ಹಿತ್ತಲಿನಿಂದ ಹಳೆಯ ಸೈಕಲ್ಲೊಂದು ನಮ್ಮ ಮನೆಗೆ ಬಂತು. ಅದರ ಹ್ಯಾಂಡಲ್ಲಿನ ಮೇಲೆ ಎಷ್ಟೋ ವರ್ಷ ಕೋಳಿಗಳು ಕೂತು ಮಲಗಿದ್ದವು ಎಂಬುದಕ್ಕೆ ಬೇಕಾದಷ್ಟು ಪುರಾವೆ ಇತ್ತು. ಅಪ್ಪ ಅದನ್ನು ತೊಳೆದು, ಚಕ್ಕಡಿಯಲ್ಲಿ ಹುಲ್ಲಿನ ಅಡಿಗೆ ಮುಚ್ಚಿ ನರಗುಂದಕ್ಕೆ ಕಳಿಸಿದ. ನರಗುಂದದಲ್ಲಿ ನನ್ನ ಸೋದರಮಾವ ಚಕ್ಕಡಿಗಳಿಗೂ ಬಾಗಿಲುಗಳಿಗೂ ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದ. ಅವನು ಸೈಕಲ್ಲಿಗೆ ರಿಮ್ಮೂ ಬಿಡದೆ ಕರಿ ಬಣ್ಣ ಬಳಿದ, ಹಳದಿ ಗೆರೆ ಎಳೆದ. ಅಷ್ಟಕ್ಕೆ ಕೈ ನಿಲ್ಲದೆ, ಹಿಂದಿನ ಮಡ್‌ಗಾರ್ಡಿನ ಮೇಲೆ ಒಂದು ಕಮಲದ ಹೂವನ್ನೂ ಬರೆದ. ಹೊಸದು ಎಂದರೆ ಗಂಟೆ ಒಂದೇ.

"ನೀ ಏನೂ ನೋಡಿಲ್ಲ" ಎಂದ ಅಪ್ಪ ನನಗೆ.

"ಇಲ್ಲ, ನಾ ಏನೂ ನೋಡಿಲ್ಲ" ಎಂದೆ ನಾನು.

ಮದುವೆಯ ದಿನ ಆ ಸೈಕಲ್ಲು ಹೂವಿನ ಹಾರ ಹಾಕಿಕೊಂಡು ಮದುಮಗನಿಗಿಂತ ಗಂಭೀರವಾಗಿ ನಿಂತಿತ್ತು. ಬಂದವರೆಲ್ಲ ಅದರ ಗಂಟೆ ಬಾರಿಸಿ ನೋಡಿದರು.

ಆರು ತಿಂಗಳು ಏನೂ ಆಗಲಿಲ್ಲ. ಮಳೆಗಾಲ ಮುಗಿದು ಎರೆನೆಲದ ದಾರಿಯಲ್ಲಿ ಚಕ್ಕಡಿ ಜಾಡುಗಳು ಒಣಗಿ ಕಲ್ಲಾಗಿದ್ದ ಹೊತ್ತು. ಒಂದು ಸಂಜೆ ನಮ್ಮವರು ಸೈಕಲ್ಲಿನ ಮೇಲೆ ಬರುವುದನ್ನು ಬಿಟ್ಟು, ಸೈಕಲ್ಲನ್ನೇ ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಜಾಡಿಗೆ ಇಳಿದು ಕಲ್ಲಿಗೆ ಬಡಿದಿತ್ತಂತೆ. ಮುಂದಿನ ಗಾಲಿಯ ರಿಮ್ಮು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಬಗ್ಗಿದಲ್ಲಿ ಮಾವನ ಕರಿ ಬಣ್ಣ ಚಕ್ಕೆ ಎದ್ದು, ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ತುಕ್ಕು ಕಾಣುತ್ತಿತ್ತು.

"ಹೊಸಾ ಸೈಕಲ್ಲು, ಆರ ತಿಂಗಳಿಗೆ ಹಿಂಗಾದ್ರ ಹ್ಯಾಂಗ? ಮತ್ತ ಈ ಒಳಗ ಹಸರ ಯಾಕೈತಿ?" ಎಂದರು.

"ತುಕ್ಕ ಹಿಡೀಬಾರದಂತ ಕಂಪನಿಯವರು ಮೊದಲ ಹಸರ ಬಳೀತಾರಂತ್ರಿ" ಎಂದೆ. ನನ್ನ ಬಾಯಿ ನನ್ನನ್ನು ಕೇಳದೆ ಆಡಿದ ಮಾತು ಅದು.

"ತುಕ್ಕ ಹಿಡದೈತಲ್ಲ?"

"ಅದಕ್ಕ ನೋಡ್ರಿ, ಇನ್ನೊಂದೀಟ ಬಳೀಬೇಕಾಗಿತ್ತು."

ಅವರಿಗೆ ಅರ್ಜಿ ಬರೆಯುವುದೆಂದರೆ ಬಲು ಪ್ರೀತಿ. ಆಗ ನಮ್ಮ ಭಾಗ ಇನ್ನೂ ಮುಂಬಯಿ ಸರಕಾರದ ಕೆಳಗಿತ್ತು. ಶಾಲೆಯ ಹಂಚು ಒಡೆದರೆ ಮೇಲಿನವರಿಗೊಂದು ಅರ್ಜಿ, ಸೀಮೆಸುಣ್ಣ ಹಸಿಯಾದರೆ ಇನ್ನೊಂದು. ಕೈಕಾಲು ತೊಳೆದು ಬಂದವರೇ ಮಸಿ ದೌತಿ ತೆಗೆದು ಕೂತರು. "ಯಾವ ಅಂಗಡ್ಯಾಗ ತಗೊಂಡಾರ ನಿಮ್ಮಪ್ಪ? ಹೆಸರು ಹೇಳು. ಎರಡ ಸಾಲಿನ್ಯಾಗ ಬಿಗದ ಬರೀತೇನಿ."

ನನಗೆ ಆ ಅರ್ಜಿ ಗುಮಾಸ್ತರ ಕೋಳಿಗಳ ಮುಂದೆ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಕೂಡಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ. ಕಣ್ಣಲ್ಲಿ ನೀರೇನೂ ಇರಲಿಲ್ಲ, ಆದರೆ ಸೆರಗು ದೊಡ್ಡದಿತ್ತು.

"ತವರಮನಿ ಉಡುಗೊರಿ ಮ್ಯಾಲ ತಕರಾರ ಬರದ್ರ ನಾ ಊರಾಗ ಹ್ಯಾಂಗ ಮಾರಿ ತೋರಸಲ್ರಿ? ಎಂಟ ದಿನ ಬಿಡ್ರಿ. ನಾ ರಿಪೇರಿ ಮಾಡಸ್ತೇನಿ."

ಅವರು ಗಾಬರಿಯಾಗಿ ದೌತಿ ಮುಚ್ಚಿದರು.

ಮರುದಿನ ಅವರು ನಡೆದುಕೊಂಡು ಶಾಲೆಗೆ ಹೋದ ಮೇಲೆ, ಒಲೆಯ ಇಕ್ಕಳದಿಂದ ನಟ್ಟು ತಿರುವಿ ಮುಂದಿನ ಗಾಲಿ ಬಿಚ್ಚಿದೆ. ಟಾಯರು, ಟ್ಯೂಬು ಎಳೆದು ತೆಗೆದು, ಗಾಲಿಯನ್ನು ಹಳೆ ಸೀರೆಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ. ಬಟ್ಟೆ ಒಗೆಯಲು ಹೊರಟವಳ ಹಾಗೆ ಬೀದಿಗಿಳಿದೆ. ನೆರೆಮನೆಯಾಕೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ಏನವಾ, ಅರಿಬಿ ಗಂಟ ಅಷ್ಟ ದುಂಡಗ ಕಟ್ಟೀದಿ?"

"ನಮ್ಮ ರೋಣದಾಗ ಹಿಂಗ ಕಟ್ತೀವ್ರಿ" ಎಂದು ನಿಲ್ಲದೆ ನಡೆದೆ.

ಬಸ್ಸು ನಿಲ್ಲುವಲ್ಲಿ, ತಗಡಿನ ನೆರಳಿನ ಕೆಳಗೆ, ಸೈಕಲ್ ರಿಪೇರಿ ಮಾಡುವ ಚಾಚಾ ಒಬ್ಬರಿದ್ದರು. ಗಡ್ಡಕ್ಕೆ ಮದರಂಗಿ ಹಚ್ಚಿ, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡವರು. ಹೆಂಗಸೊಬ್ಬಳು ಸೈಕಲ್ ಅಂಗಡಿಗೆ ಬಂದದ್ದು ನೋಡಿ ಮೊದಲು ದಾರಿ ತಪ್ಪಿರಬೇಕೆಂದುಕೊಂಡರು. ನಾನು ಗಂಟು ಬಿಚ್ಚಿದೆ. ಅವರು ಗಾಲಿಯ ನಡುವಿನ ಹಬ್ಬು ಹಿಡಿದು ತಿರುವಿ, ಬೆರಳಿನಿಂದ ಬಣ್ಣ ಕೆರೆದು ನೋಡಿದರು.

"ಎಷ್ಟ ದಿನದ ಸೈಕಲ್ ಬೇಟಿ ಇದು?"

"ಆರ ತಿಂಗಳದ್ದರಿ ಚಾಚಾ."

"ಈ ಹಬ್ಬು ನನ್ನ ಮದಿವಿಗಿಂತ ಮೊದಲಿಂದೈತಿ. ನನಗ ಈಗ ಮೊಮ್ಮಕ್ಕಳದಾರ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಗುಮಾಸ್ತರ ಹಿತ್ತಲು, ನರಗುಂದ, ಕಮಲದ ಹೂವು, ಎಲ್ಲ ಹೇಳಿದೆ. ಅವರು ನಕ್ಕ ರಭಸಕ್ಕೆ ಕನ್ನಡಕ ಗಾಲಿಯೊಳಗೆ ಬಿತ್ತು. ಆಮೇಲೆ ರಿಮ್ಮನ್ನು ಕಲ್ಲಿನ ಮೇಲಿಟ್ಟು ತೋರಿಸಿದರು. ಎರಡು ಕಡೆ ಮಡಿಚಿತ್ತು. ಬಡಿದು ನೆಟ್ಟಗೆ ಮಾಡಬಹುದು, ಆದರೆ ಮನುಷ್ಯನ ಭಾರ ಹೊರಲಾರದು. ಹೊಸದು ಗದಗಿನಿಂದ ತರಿಸಬೇಕು. ನನ್ನ ಡಬ್ಬಿಯಲ್ಲಿದ್ದ ಆಣೆಗಳನ್ನೆಲ್ಲ ಕೂಡಿಸಿದರೆ ಹೊಸ ರಿಮ್ಮಿನ ಕಾಲು ಭಾಗವೂ ಬರುತ್ತಿರಲಿಲ್ಲ.

"ಎಲ್ಲಿಂದರ ಒಂದ ಹಳೇ ರಿಮ್ ತಾ" ಎಂದರು ಚಾಚಾ. "ಕಡ್ಡಿ ಇವನ್ನ ಹಾಕೂನು. ಬಿಚ್ಚೂದು, ತುಕ್ಕ ತಿಕ್ಕೂದು ನಿನ್ನ ಕೆಲಸ. ಕಟ್ಟೂದು ನಂದು."

"ನಿಮ್ಮ ಕೂಲಿ?"

ಅವರು ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು: "ಶೇಂಗಾ ಹೋಳಗಿ ಮಾಡಾಕ ಬರ್ತೈತೇನು?"

ಹಾಗೆ ನಾನು ಕೂಲಿಗಿಳಿದೆ. ಮೂರು ದಿನ, ಅತ್ತೆಯವರ ಕಣ್ಣು ತಪ್ಪಿಸಿ, ಹಿತ್ತಲಿನಲ್ಲಿ ಕೂತು ಒಂದೊಂದೇ ಕಡ್ಡಿಯ ನಿಪ್ಪಲ್ಲು, ಎಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು, ತಿರುವಿ ಬಿಚ್ಚಿದೆ. ಜಗ್ಗದ ನಿಪ್ಪಲ್ಲುಗಳಿಗೆ ಚಿಮಣಿ ಎಣ್ಣೆ ಕುಡಿಸಿದೆ. ಇಟ್ಟಿಗೆ ಪುಡಿಯಿಂದ ತಿಕ್ಕಿ ತಿಕ್ಕಿ ಉಗುರುಗಳು ಕೆಂಪಾದವು. ತಿಕ್ಕಿದ ಕಡ್ಡಿಗಳನ್ನು ಚಾಪೆಯ ಸುರುಳಿಯೊಳಗೆ ಬಚ್ಚಿಟ್ಟೆ. ಆದರೆ ರಿಮ್ಮು ಎಲ್ಲಿಂದ ತರುವುದು?

ಮೂರನೆಯ ದಿನ ಕಡ್ಡಿ ತಿಕ್ಕುತ್ತಾ ಕೂತಾಗ ಒಳಗಿನಿಂದ ಅತ್ತೆಯ ರಾಟಿಯ ಸಪ್ಪಳ ಕೇಳಿತು. ನಮ್ಮತ್ತೆ ಊರಿನ ಮಗ್ಗದವರಿಗೆ ಕಂಡಿಕಿ ಸುತ್ತಿಕೊಡುತ್ತಿದ್ದರು, ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವುದು. ರಾಟಿಯ ದೊಡ್ಡ ಗಾಲಿ ದಿನಾ ನನ್ನ ಕಣ್ಣ ಮುಂದೆಯೇ ತಿರುಗುತ್ತಿತ್ತು. ಅವತ್ತು ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಅದು ಸೈಕಲ್ಲಿನ ರಿಮ್ಮು! ತೀರಿಹೋದ ಮಾವನವರು ಯಾವುದೋ ಸಂತೆಯಿಂದ ತಂದು, ನಡುವೆ ಅಡ್ಡ ಕಟ್ಟಿಗೆ ಕೂರಿಸಿ, ತೂತುಗಳಿಗೆ ತಂತಿ ಪೋಣಿಸಿ ಬಿಗಿದಿದ್ದರು. ಎಣ್ಣೆ, ನೂಲು ತಿಕ್ಕಿ ತಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಂದು ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕೂತು ಮೆಲ್ಲಗೆ ಶುರುಮಾಡಿದೆ. "ಅತ್ತಿ, ಈ ರಾಟಿ ಭಾಳ ಜಡ ಆಗೇತಲ್ರಿ? ಕಟ್ಟಿಗಿ ಗಾಲಿ ಆದ್ರ ಕೈಗೆ ಹಗರ ಅಂತಾರ."

"ಹೌದಾ?" ಎಂದರು, ತಿರುವುವುದನ್ನು ನಿಲ್ಲಿಸದೆ.

"ಕಬ್ಬಣ ತಿರುವಿದ್ರ ರಟ್ಟಿ ನೋಯ್ತಾವಂತ್ರಿ."

"ಹೌದಾ?"

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಮಜ್ಜಿಗೆಯ ಬಟ್ಟಲನ್ನು ಮೂಗಿನ ಹತ್ತಿರ ಒಯ್ದು ಕೆಳಗಿಟ್ಟರು.

"ಮಜ್ಜಿಗ್ಯಾಗ ಚಿಮಣಿ ಎಣ್ಣಿ ನಾತ ಐತಿ. ಚಾಪ್ಯಾಗ ಮೂವತ್ತೆರಡ ಸೈಕಲ್ ಕಡ್ಡಿ ಅದಾವು. ಸೊಟ್ಟ ರಿಮ್ಮು ಹಿತ್ತಲ ಬಣವಿ ಹಿಂದ ಐತಿ. ಈಗ ನನ್ನ ರಾಟಿ ಮ್ಯಾಲ ಕಣ್ಣ ಬಿದ್ದೈತಿ. ಎಲ್ಲಾ ಬಾಯಿಬಿಡು."

ನಿಪ್ಪಲ್ಲು ನೆನೆಸಲು ಮಜ್ಜಿಗೆಯ ತಂಬಿಗೆ ತೆಗೆದುಕೊಂಡದ್ದು ನನ್ನ ತಪ್ಪು. ಬಾಯಿಬಿಟ್ಟೆ. ಅಪ್ಪನ ಮಾನ ನಿಮ್ಮ ಕೈಯಲ್ಲಿದೆ ಎಂದೆ. ಈ ಸಲ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ಅವರು ರೊಟ್ಟಿ ಮುರಿಯುತ್ತಾ ಎಲ್ಲ ಕೇಳಿದರು.

"ನನಗ ಮದಿವಿ ದಿನಾನ ಗೊತ್ತಿತ್ತು" ಎಂದರು.

"ಹ್ಯಾಂಗ್ರಿ?"

"ಮ್ಯಾಲ ಬಣ್ಣಾ ಹಚ್ಚಿದ್ರಿ, ಗಂಟಿ ಹಾಕಿದ್ರಿ. ಸೀಟ ನೋಡಿದ್ರೇನು? ಯಾರದೋ ದೊಡ್ಡ ಕುಂಡಿ ಹತ್ತ ವರ್ಸ ಕುಂತ ತಗ್ಗ ಬಿದ್ದಿತ್ತು. ನನ್ನ ಮಗನ ಕುಂಡಿ ಅದರಾಗ ಎಲ್ಲಿ ಹೋತೋ ಅಂತ ಹುಡಕಬೇಕು."

ನನಗೆ ನಗು ಬಂತು, ಅಳುವೂ ಬಂತು. ಎರಡನ್ನೂ ರೊಟ್ಟಿಯ ಜೊತೆ ನುಂಗಿಕೊಂಡು, ಹಾಗಾದರೆ ಯಾಕೆ ಅವತ್ತೇ ಹೇಳಲಿಲ್ಲ ಎಂದು ಕೇಳಿದೆ. ಅತ್ತೆ ಬಾಗಿಲ ಕಡೆಗೊಮ್ಮೆ ನೋಡಿ ದನಿ ಇಳಿಸಿದರು.

"ಹ್ಯಾಂಗ ಹೇಳ್ಲಿ? ನಮ್ಮ ಹುಡುಗ ಸೈಕಲ್ ಗಾಳಿಹಂಗ ಹೊಡೀತಾನ ಅಂತ ನಿಮ್ಮಪ್ಪನ ಮುಂದ ನಾನ ಹೇಳಿ ಬಂದಿದ್ದೆ. ಅವಗ ಕಾಲ ಇಡಾಕ ಬರ್ತಿದ್ದಿಲ್ಲ. ಲಗ್ನ ಆಗಿ ಎರಡ ತಿಂಗಳ ದಿನಾ ನೂಕ್ಕೋತ ಒಯ್ದು, ನೂಕ್ಕೋತ ತಂದಾನ. ಈಗೀಗ ಹತ್ತಾಕ ಕಲತಾನ. ಅವಗ ಬೀಳಾಕ ಜಾಡಿನ ಕಲ್ಲ ಬ್ಯಾರೆ ಬೇಕಾಗಿತ್ತೇನು?"

ಆ ಹೊತ್ತಿನಿಂದ ನಾವಿಬ್ಬರೂ ಒಂದೇ ಪಕ್ಷ. ಅವರ ಷರತ್ತು ಒಂದೇ: ರಾಟಿ ಒಂದು ದಿನವೂ ನಿಲ್ಲಬಾರದು, ಕಂಡಿಕಿ ತಪ್ಪಿದರೆ ಮಗ್ಗದವರು ಬೇರೆಯವರ ಕಡೆ ಹೋಗುತ್ತಾರೆ. ಚಾಚಾ ಸೊಟ್ಟ ರಿಮ್ಮನ್ನು ಕಲ್ಲಿನ ಮೇಲಿಟ್ಟು ಕಟ್ಟಿಗೆಯ ಕೊಡತಿಯಿಂದ ಬಡಿದು ಇದ್ದಷ್ಟರಲ್ಲಿ ದುಂಡಗೆ ಮಾಡಿಕೊಟ್ಟರು. ನಾನು ಅದನ್ನು ರಾಟಿಗೆ ಕಟ್ಟಿದೆ. ತಿರುವಿದರೆ ಕುಂಟು ಎತ್ತಿನ ಹಾಗೆ ಎಗರುತ್ತಿತ್ತು, ಆದರೆ ನೂಲು ಸುತ್ತುತ್ತಿತ್ತು. ನೂಲಿಗೇನು, ಅದರ ಮೇಲೆ ಮಾಸ್ತರು ಕೂರುವುದಿಲ್ಲ.

ಹೊಳೆಯುವ ರಿಮ್ಮು, ಹಬ್ಬು, ಮೂವತ್ತೆರಡು ಕಡ್ಡಿ, ಟಾಯರು, ಟ್ಯೂಬು, ಒಂದು ಡಬ್ಬಿ ಶೇಂಗಾ ಹೋಳಿಗೆ ತೆಗೆದುಕೊಂಡು, ಮುಂದಿನ ಗಾಲಿ ಇಲ್ಲದ ಸೈಕಲ್ಲನ್ನು ಹಿಂದಿನ ಗಾಲಿಯ ಮೇಲೆ ಉರುಳಿಸಿಕೊಂಡು ಅತ್ತೆ ಸೊಸೆ ಇಬ್ಬರೂ ಚಾಚಾನ ಅಂಗಡಿಗೆ ಹೋದೆವು. ಅವರು ನಮಗಾಗಿ ಒಂದು ಗೋಣಿಚೀಲ ಇಳಿಬಿಟ್ಟು ಮರೆ ಮಾಡಿದರು. ಹೋಳಿಗೆ ಬಾಯಿಗಿಟ್ಟುಕೊಂಡು ರಿಮ್ಮು ಕೈಗೆ ತೆಗೆದುಕೊಂಡವರು ಅಗಿಯುವುದನ್ನು ನಿಲ್ಲಿಸಿದರು.

"ಬೇಟಿ, ಇದು ಹಿಂದಿನ ಗಾಲೀದು."

ಮುಂದಿನ ಗಾಲಿಗೆ ಮೂವತ್ತೆರಡು ಕಡ್ಡಿ, ಹಿಂದಿನದಕ್ಕೆ ನಲವತ್ತು. ನನ್ನ ಹಬ್ಬಿನಲ್ಲಿ ಮೂವತ್ತೆರಡೇ ತೂತು, ರಾಟಿಯ ರಿಮ್ಮಿನಲ್ಲಿ ನಲವತ್ತು. ಚಾಪೆಯ ಕಡ್ಡಿ ಎಣಿಸಿದ ನಮ್ಮತ್ತೆಗೂ ರಿಮ್ಮಿನ ತೂತು ಎಣಿಸುವ ಬುದ್ಧಿ ಹೊಳೆದಿರಲಿಲ್ಲ. ನಾನು ಮತ್ತೆ ಸೆರಗಿಗೆ ಕೈ ಹಾಕಿದೆ.

"ಎಂಟ ತೂತ ಹೆಚ್ಚಾದ್ರ ಏನಾತು? ಕಡಿಮಿ ಆಗಿದ್ರ ಅಳಬೇಕು" ಎಂದರು ಅತ್ತೆ.

ಚಾಚಾ ಗಡ್ಡ ತುರಿಸಿಕೊಂಡು, ಸೀಮೆಸುಣ್ಣದಿಂದ ಪ್ರತಿ ಐದನೆಯ ತೂತಿಗೆ ಗುರುತು ಹಾಕಿದರು. "ನಾಕ ತುಂಬೂದು, ಒಂದ ಬಿಡೂದು. ನನ್ನ ಉಸ್ತಾದ ನೋಡಿದ್ರ ಕಪಾಳಕ್ಕ ಬಾರಸ್ತಿದ್ದ. ಅಂವ ಈಗಿಲ್ಲ, ಬಿಡು."

ಎರಡು ಸಲ ಕಟ್ಟಿದರು, ಎರಡು ಸಲ ಬಿಚ್ಚಿದರು. ಒಂದು ಕಡ್ಡಿ ಬಿಗಿದರೆ ಇನ್ನೊಂದು ಸಡಿಲ. ಗಿಡ್ಡಾದ ಐದು ಕಡ್ಡಿಗಳಿಗೆ ಬದಲಿ ಕೊಳ್ಳುವಷ್ಟಕ್ಕೆ ನನ್ನ ಡಬ್ಬಿಯ ಆಣೆಗಳು ಸಾಕಾದವು. ಮೂರನೆಯ ಸಲ ಅವರು ಗಾಲಿಯನ್ನು ಸೈಕಲ್ಲಿನ ಮುಂದಿನ ಕವಲಿಗೆ ತೂಗುಹಾಕಿ, ನನ್ನ ಕೈಗೆ ಸೀಮೆಸುಣ್ಣದ ತುಂಡು ಕೊಟ್ಟರು. ಗಾಲಿ ತಿರುಗುವಾಗ ಸುಣ್ಣವನ್ನು ರಿಮ್ಮಿನ ಪಕ್ಕ ಅಲುಗದಂತೆ ಹಿಡಿಯಬೇಕು. ಎಲ್ಲಿ ತಾಗುತ್ತದೋ ಅಲ್ಲಿ ರಿಮ್ಮು ಈ ಕಡೆ ಬಂದಿದೆ, ಆ ಕಡೆಯ ಕಡ್ಡಿ ಬಿಗಿಯಬೇಕು. ಅವರ ಕಣ್ಣು ಮಂದವಾಗಿತ್ತು, ನನ್ನದು ಚುರುಕಾಗಿತ್ತು. ಅರ್ಧ ತಾಸಿನಲ್ಲಿ ಕಡ್ಡಿ ಬಿಗಿಯುವ ಚಾವಿಯೂ ನನ್ನ ಕೈಗೇ ಬಂತು. ಕಾಲು ಸುತ್ತು ಬಿಗಿ, ತಿರುವು, ನೋಡು. ಮತ್ತೆ ಕಾಲು ಸುತ್ತು. ಸುಣ್ಣದ ಗುರುತು ಕೈಯಗಲದಿಂದ ಬೆರಳಗಲಕ್ಕೆ, ಬೆರಳಗಲದಿಂದ ಚುಕ್ಕೆಗೆ ಇಳಿದು, ಕೊನೆಗೆ ಬೀಳಲೇ ಇಲ್ಲ. ಆ ಗಾಲಿ ಕಣ್ಣೆದುರು ನಿಂತಿದೆಯೋ ತಿರುಗುತ್ತಿದೆಯೋ ತಿಳಿಯದ ಹಾಗೆ ತಿರುಗಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ಕಡ್ಡಿಯ ಮೊನೆ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಒಳಸುತ್ತಿಗೆ ಅತ್ತೆ ತಮ್ಮ ಹಳೆ ಸೀರೆಯ ದಡಿ ಹರಿದುಕೊಟ್ಟರು. ಟಾಯರು ಏರಿತು.

"ಈಗ ಯಾರರ ಹತ್ತಿ ನೋಡಬೇಕು" ಎಂದರು ಚಾಚಾ. "ನನ್ನ ಮೊಣಕಾಲ ಬಗ್ಗಂಗಿಲ್ಲ. ನಮ್ಮಲ್ಲಿ ಕಟ್ಟಿದವರ ಮೊದಲ ಹತ್ತೂದು. ಕಟ್ಟಿದಾಕಿ ನೀನ."

ನಾನು ಅತ್ತೆಯ ಮುಖ ನೋಡಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ನನ್ನ ಸೀರೆಯ ನಿರಿಗೆಯನ್ನು ಎಳೆದು ಕಚ್ಚೆ ಕಟ್ಟಿದರು. ಸುಡು ಮಧ್ಯಾಹ್ನ, ಗುಡ್ಡದ ಬುಡದ ಹಾದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅತ್ತೆ ಹಿಂದಿನಿಂದ ಸೀಟು ಹಿಡಿದು ಓಡಿದರು. ನಾನು ಆ ತಗ್ಗಿನಲ್ಲಿ ಕೂತು ಕಾಲು ತುಳಿದೆ.

"ಮುಂದ ನೋಡ! ನನ್ನ ಯಾಕ ನೋಡ್ತಿ?"

"ಬಿಡಬ್ಯಾಡ್ರಿ ಅತ್ತಿ!"

"ಬಿಟ್ಟ ಆಗಲೇ ಎಷ್ಟೊತ್ತಾತು!" ಎಂಬ ದನಿ ದೂರದಿಂದ ಬಂತು.

ನಾನು ಹೋಗಿ ಜಾಲಿಯ ಪೊದೆಯೊಳಗೆ ಬಿದ್ದೆ. ಮೊಣಕೈ ತರಚಿತು, ಸೀರೆ ಹರಿಯಿತು. ಎದ್ದವಳು ಮೊದಲು ನೋಡಿದ್ದು ಗಾಲಿಯನ್ನು. ಅದಕ್ಕೆ ಏನೂ ಆಗಿರಲಿಲ್ಲ. ಅತ್ತೆ ಮುಳ್ಳು ಕೀಳುತ್ತಾ, "ನನ್ನ ಮಗನಕಿಂತ ಚಲೋ ಹೊಡದಿ" ಎಂದರು.

ಎಂಟನೆಯ ದಿನ ಸಂಜೆ ಸೈಕಲ್ಲು ಅಂಗಳದಲ್ಲಿ ನಿಂತಿತ್ತು. ನಮ್ಮವರು ಸುತ್ತು ಹಾಕಿ, ಕೂತು, ಎದ್ದು, ಗಾಲಿ ತಿರುವಿ ನೋಡಿದರು. ಗಣಿತ ಕಲಿಸುವ ಮನುಷ್ಯ, ಎಣಿಸದೆ ಬಿಡುತ್ತಾರೆಯೇ?

"ಇದರಾಗ ಎಂಟ ತೂತ ಖಾಲಿ ಅದಾವಲ್ಲ?"

ಅತ್ತೆ ರಾಟಿಯಿಂದ ತಲೆಯನ್ನೂ ಎತ್ತದೆ ಹೇಳಿದರು: "ಗಾಳಿ ಆಡಾಕ."

"ಗಾಳಿ?"

"ಗಾಲಿ ಜೋರ ಹೊಂಟ್ರ ಗಾಳಿ ತಡೀತೈತಲ್ಲ, ಅದು ತೂತನ್ಯಾಗ ಪಾರಾಗಿ ಹೋಗತೈತಂತ. ಈಗ ಬರೂ ಹೊಸಾವೆಲ್ಲಾ ಹಂಗ. ಚಾಚಾ ಹೇಳಿದ್ರು."

ಅವರು ಗಾಲಿಯನ್ನು ಇನ್ನೊಮ್ಮೆ ತಿರುವಿ ನೋಡಿ, "ಖರೇನ, ವಿಚಾರ ಮಾಡಿದ್ರ ಬರೋಬ್ಬರಿ ಐತಿ" ಎಂದರು.

ಎರಡು ತಿಂಗಳು ಹಾಯಾಗಿದ್ದೆವು. ಆಮೇಲೆ ಒಂದು ರವಿವಾರ ನರಗುಂದದ ನನ್ನ ಸೋದರಮಾವ ಬಂದ. ಅಂಗಳದಲ್ಲಿ ಸೈಕಲ್ಲು ನೋಡಿದವನೇ, ಬಳಿದ ಕೈಯ ಮನುಷ್ಯ, ಸುಮ್ಮನಿರಲಾಗದೆ ಎಲ್ಲರ ಎದುರೇ ಅಂದ: "ಅಯ್ಯ, ಈ ರಿಮ್ಮಿಗೆ ಬಣ್ಣಾನ ಹೋಗೇತಲ್ಲ! ಅವತ್ತ ನಾ ಮೂರ ಕೈ ಹೊಡದಿದ್ದೆ. ಕೋಳಿ ಹಿಕ್ಕಿ ಕೆರಿಯೂದ್ರಾಗ ಒಂದ ದಿನಾ ಹೋಗಿತ್ತು."

ನಮ್ಮವರು ಚಹಾದ ಬಸಿಯನ್ನು ಕೆಳಗಿಟ್ಟರು.

"ಯಾವ ಕೋಳಿ?"

ಮಾವ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಒಳಗೆ ಅತ್ತೆಯ ಕುಂಟು ರಾಟಿ ಒಮ್ಮೆಲೇ ಜೋರಾಗಿ ತಿರುಗತೊಡಗಿತು. ಮಾವ ಊಟಕ್ಕೂ ನಿಲ್ಲದೆ ಬಸ್ಸು ಹಿಡಿದ.

ಸೈಕಲ್ಲು ಹಳೆಯದೆಂದು ನಾನೂ ಅತ್ತೆಯೂ ಒಪ್ಪಿಕೊಂಡ ಮೇಲೆ ನಮ್ಮವರು ನಮ್ಮಿಬ್ಬರ ಜೊತೆ ಎರಡು ದಿನ ಮಾತಾಡಲಿಲ್ಲ. ನೀರು ಬೇಕಾದರೆ ಕಂಬಕ್ಕೆ ಹೇಳುತ್ತಿದ್ದರು. ಅಪ್ಪನ ಮೇಲೆ ಎಷ್ಟು ಸಿಟ್ಟಿದೆಯೋ ಎಂದು ನನಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಶಾಲೆಗೆ ಹೊರಟವರು ಹೊಸ್ತಿಲಲ್ಲಿ ನಿಂತು, ಬೀದಿಯ ಕಡೆ ಮುಖ ಮಾಡಿಯೇ ಕೇಳಿದರು.

"ಸೈಕಲ್ ಹಳೇದಾದ್ರ ಆಗಲಿ. ನನಗ ಒಂದ ಮಾತ ಹೇಳ್ರಿ. ಆ ಗಾಳಿ ತೂತಿಂದು?"

"ಅದೂ ಸುಳ್ಳರಿ" ಎಂದೆ.

ಅವರು ಹೊಸ್ತಿಲ ಮೇಲೆಯೇ ಕೂತುಬಿಟ್ಟರು. "ಅಯ್ಯೋ, ನಾ ಅದನ್ನ ನಾಕನೇ ಇಯತ್ತಿಗೆ ಪಾಠ ಮಾಡೇನಲ್ಲೇ! ಬೋರ್ಡ ಮ್ಯಾಲ ಚಿತ್ರ ತಗದು! ಅದನ್ನ ಕೇಳಿ ಲಕ್ಕಲಕಟ್ಟ್ಯಾಗ ಒಬ್ಬರ ಸಾವಕಾರರು ತಮ್ಮ ಹೊಚ್ಚ ಹೊಸಾ ಸೈಕಲ್ಲಿನ ರಿಮ್ಮಿಗೆ ಕಂಬಾರ ಕಡಿಂದ ಎಂಟ ತೂತ ಹೊಡಿಸ್ಯಾರ. ಇವತ್ತ ತೋರಸ್ತೇನಿ ಬರ್ರಿ ಅಂದಾರ."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವರು ಮುಖ ಸಣ್ಣ ಮಾಡಿಕೊಂಡು, ಏನಾದರಾಗಲಿ ಇವತ್ತು ಆ ಸಾಹುಕಾರರಿಗೆ ನಿಜ ಹೇಳಿ ಕ್ಷಮೆ ಕೇಳುತ್ತೇನೆ ಎಂದು ಹೊರಟರು. ಇಡೀ ದಿನ ನಾನೂ ಅತ್ತೆಯೂ ಬಾಗಿಲು ನೋಡುತ್ತಾ ಕೂತೆವು. ಸಂಜೆ ಬಂದರು. ಸೈಕಲ್ಲು ಗೋಡೆಗೆ ಒರಗಿಸಿ, ಟೋಪಿ ತೆಗೆದು, ನೀರು ಕುಡಿದು, ಮೂರು ದಿನಗಳಲ್ಲಿ ಮೊದಲ ಸಲ ನಮ್ಮಿಬ್ಬರ ಮುಖ ನೋಡಿ ಮಾತಾಡಿದರು.

"ಹೇಳಾಕ ಬಾಯಿ ತಗದೆ. ಅವರ ನನ್ನ ಕೈ ಹಿಡಕೊಂಡು, ಮಾಸ್ತರ, ತೂತ ಹೊಡಿಸಿದ ಮ್ಯಾಗ ಸೈಕಲ್ ಹೂವಿನಂಗ ಹೊಂಟೈತಿ, ಎದರಗಾಳಿನ ತಿಳ್ಯಾಂಗಿಲ್ಲ ಅಂದ್ರು. ಶಾಲು ಹೊಚ್ಚಾಕ ಹೊಂಟಿದ್ರು."

"ನೀವ ಏನಂದ್ರಿ?" ಎಂದೆ.

"ನಾ ಏನನ್ಲಿ? ಮಳಿಗಾಲದಾಗ ತೂತಿಗೆ ಅರಗ ತುಂಬ್ರಿ, ಇಲ್ಲಾಂದ್ರ ಒಳಗ ನೀರ ಹೋಗತಾವು ಅಂದೆ."

ಹೇಳಿ ಮುಗಿಸುವಷ್ಟರಲ್ಲಿ ಅವರ ತುಟಿ ಅದುರತೊಡಗಿತ್ತು. ಮೊದಲು ನಕ್ಕವರು ಅತ್ತೆ. ಅವರ ಕೈ ತಪ್ಪಿ ಕಂಡಿಕಿಯ ನೂಲು ಹರಿಯಿತು. ಗಂಟು ಹಾಕಲು ಹೋದರು, ಮತ್ತೆ ನಗು, ಮತ್ತೆ ಹರಿಯಿತು. ಕೊನೆಗೆ ಅವರು ರಾಟಿ ಬಿಟ್ಟು ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ಮಗನಿಗೆ ಚಹಾ ಇಡಲು ತಾವೇ ಒಲೆಯ ಕಡೆ ನಡೆದರು.